ಲಿಪಿಕಾರನೂ ವಿದ್ಯಾರ್ಥಿಯೂ

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಹದಿನಾಲ್ಕು ವರ್ಷದ ಬಾಲಕನೊಬ್ಬನ ವಿಚಾರವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹುಡುಗ ಬುದ್ಧಿವಂತ, ಲೆಕ್ಕದಲ್ಲಿ ಚುರುಕು. ಆದರೆ ‘ಪರ್ಸಿ’ ಎಂಬ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಅವನೇ ಶಾಲೆಗೆಲ್ಲ ಜಾಣನೆಂದು ಉಪಾಧ್ಯಾಯರ ಅಭಿಪ್ರಾಯ. ಇಂದು ಇದನ್ನು ಡಿಸ್ಲೆಕ್ಸಿಯ ಎನ್ನುತ್ತೇವೆ. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಕಲಿಕೆಯ ನ್ಯೂನತೆಯನ್ನೂ ತನ್ನ ಪಟ್ಟಿಗೆ ಸೇರಿಸಿತು. ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶವೂ ಲಿಪಿಕಾರನ ನೆರವೂ ದೊರೆಯಬಲ್ಲವು. ಸಂತೋಷವೇ. ಆದರೆ ಪರೀಕ್ಷೆಯ ದಿನದ ರಿಯಾಯಿತಿಯನ್ನೇ ಕಾಲೇಜಿನ ಸಿದ್ಧತೆಯೆಂದು ಭಾವಿಸುವುದನ್ನು ನಾವು ಒಪ್ಪೆವು.

ನಮ್ಮ ಭೌತಶಾಸ್ತ್ರವನ್ನೇ ನೋಡಿ. ವಿದ್ಯಾರ್ಥಿಯು ಚಲನಶಕ್ತಿಯ ಸೂತ್ರವನ್ನು ‘ಅರ್ಧ ಎಂ ವಿ ವರ್ಗ’ ಎಂದು ಹೇಳುತ್ತಾನೆ. ವರ್ಗ ವೇಗಕ್ಕೆ ಮಾತ್ರವೋ, ದ್ರವ್ಯರಾಶಿಗೂ ಸೇರಿಯೋ? ಕೆಳತರಗತಿಯ ಲಿಪಿಕಾರನಿಗೆ ತಿಳಿಯುವ ಬಗೆ ಹೇಗೆ? ದ್ರವ್ಯರಾಶಿ 2 ಕಿಲೊಗ್ರಾಂ, ವೇಗ ಸೆಕೆಂಡಿಗೆ 3 ಮೀಟರ್ ಆದರೆ ಸರಿಯುತ್ತರ 9 ಜೂಲ್. ಅವನು ಬರೆದುದು 18. ಅಂಕ ಹೋಗುವುದು ಮಾತ್ರ ವಿದ್ಯಾರ್ಥಿಯದು!

ಸಮೀಕರಣವನ್ನು ಸಂದೇಹಕ್ಕೆಡೆಯಿಲ್ಲದಂತೆ ನುಡಿಯುವುದೂ ಒಂದು ವಿದ್ಯೆ. ಅದನ್ನು ಒಂಬತ್ತನೆಯ ತರಗತಿಯಿಂದಲೇ ರೂಢಿಸಬೇಕು. ಧ್ವನಿಮುದ್ರಿತ ಪಾಠವನ್ನು ಕೇಳಿ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸವೂ ಬೇಕು. ಅದಕ್ಕಿಂತ ಮುಖ್ಯವಾದುದು ತನ್ನ ತೊಡಕು ಇಂಥದೆಂದು ತಾನೇ ವಿವರಿಸುವ ಧೈರ್ಯ. ಶಾಲೆಯಲ್ಲಿ ಅವನ ಪರವಾಗಿ ತಾಯಿತಂದೆಗಳು ಮಾತನಾಡಿದ್ದಾರು. ನೂರು ಜನರ ಕಾಲೇಜು ತರಗತಿಯಲ್ಲಿ ಅವನೇ ಬಾಯಿಬಿಡಬೇಕು. ಪಕ್ಕದ ಬೆಂಚಿನವರು ಆಗ ನಗದಿದ್ದರೆ ಅದೇ ದೊಡ್ಡ ಉಪಕಾರ. ವಾಚಕರಲ್ಲಿ ಯಾರಿಗಾದರೂ ಇಂಥ ಸಹಪಾಠಿಯಿದ್ದರೆ, ಈ ವಾರವೇ ಅವನ ಬಾಯಿಂದ ಒಂದೆರಡು ಸೂತ್ರಗಳನ್ನು ಕೇಳಿ, ಕೇಳಿದಂತೆಯೇ ಬರೆದು ತೋರಿಸಲಿ.