ನಾಳೆ ಬಾ

ವಾಚಕ ಬಂಧುಗಳೇ, ಈ ಸಲ ದೆವ್ವಗಳ ವಿಚಾರ ಬರೆಯೋಣವೆಂದು ಕುಳಿತಿದ್ದೇವೆ. ಗಾಬರಿಪಡಬೇಕಾದ್ದಿಲ್ಲ. ಸರಕಾರಿ ಕಚೇರಿಯಲ್ಲಿ ಹದಿಮೂರು ವರ್ಷ ಗುಮಾಸ್ತಿಕೆ ಮಾಡಿದ ನಮಗೆ ದೆವ್ವದ ಭಯವೇನೂ ಉಳಿದಿಲ್ಲ. ಆಡಿಟ್ಟಿನವರ ಭಯ ಮಾತ್ರ ಉಳಿದಿದೆ.

ದೆವ್ವಗಳನ್ನು ಮನೆಗೆ ತಂದವಳು ನಮ್ಮ ಮಗಳು. ಹತ್ತು ವರ್ಷದವಳು. ಹುಟ್ಟಿದ್ದು ಕೊಚ್ಚಿಯಲ್ಲಿ, ನಮ್ಮ ವರ್ಗಾವಣೆಯ ಜೊತೆಗೆ ತಿರುವನಂತಪುರಕ್ಕೆ ಬಂದು ಎರಡು ವರ್ಷವಾಯಿತು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ. ಆ ಕನ್ನಡವಾದರೂ 'ಬೇಡ', 'ಆಮೇಲೆ', 'ಹಸಿವಿಲ್ಲ' ಎಂಬ ಮೂರು ಮಾತುಗಳ ಸುತ್ತಲೇ ಗಾಣದೆತ್ತಿನಂತೆ ತಿರುಗುತ್ತದೆ. ಕನ್ನಡ ಅಕ್ಷರ ಬಾರದು. ಕಲಿಸಬೇಕೆಂದು ನಾವು ಪ್ರತಿ ಯುಗಾದಿಗೂ ಸಂಕಲ್ಪ ಮಾಡುತ್ತೇವೆ; ಬೇವುಬೆಲ್ಲ ಕರಗುವುದರೊಳಗೆ ಸಂಕಲ್ಪವೂ ಕರಗುತ್ತದೆ.

ಈ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ನಮ್ಮ ತಾಯಿಯವರು ಬಂದರು. ಎಪ್ಪತ್ತೊಂಬತ್ತು ವರ್ಷ. ಬಂದ ಮರುದಿನ ಮೊಮ್ಮಗಳು ಕಿಟಕಿಯಿಂದ ನೋಡಿ, "ಅಜ್ಜಿ, ಮಳೆ ಪೆಯ್ಯುತ್ತಿದೆ" ಎಂದಳು. ಮಲಯಾಳದ ಮಾತು ಕನ್ನಡದೊಳಕ್ಕೆ ನುಸುಳಿತ್ತು. ಅಜ್ಜಿ ಪ್ರೀತಿಯಿಂದಲೇ ನಕ್ಕರು. ಹುಡುಗಿಗೆ ಅವಮಾನವಾಯಿತು, ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಹತ್ತು ದಿನ ಒಂದೇ ಕೋಣೆಯಲ್ಲಿ ಅಜ್ಜಿಯೊಂದು ಮೂಲೆ, ಮೊಮ್ಮಗಳೊಂದು ಮೂಲೆ. ಇವರು ಬತ್ತಿ ಹೊಸೆಯುವುದು, ಅವಳು ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಆಡುವುದು. ನೋಡಿ ನೋಡಿ ನಮ್ಮ ಮನೆಯವರಿಗೆ ಕಣ್ಣೀರು ಬರುವುದೊಂದು ಬಾಕಿ.

ಮೈನ್‌ಕ್ರಾಫ್ಟೆಂದರೆ ಇಟ್ಟಿಗೆಯಂಥ ಚೌಕಗಳನ್ನು ಪೇರಿಸಿ ಮನೆ, ಬೆಟ್ಟ, ಊರು ಕಟ್ಟುವ ಆಟ. ಸ್ವೀಡನ್ ದೇಶದಲ್ಲಿ ಹುಟ್ಟಿದ್ದು. ಕತ್ತಲಾಯಿತೆಂದರೆ ಪಿಶಾಚಿಗಳು ಬಂದು ಬಾಗಿಲು ಬಡಿಯುತ್ತವೆ. ಈ ಆಟವನ್ನೇ ಆಧಾರವಾಗಿಟ್ಟುಕೊಂಡು 2018ರಲ್ಲಿ 'ಮೈನ್‌ಕ್ರಾಫ್ಟ್: ದಿ ಕ್ರ್ಯಾಶ್' ಎಂಬ ಕಾದಂಬರಿ ಬಂದಿತು; ಬರೆದವರು ಟ್ರೇಸಿ ಬ್ಯಾಪ್ಟಿಸ್ಟ್. ಅದನ್ನು ಓದಿ ಮುಗಿಸಿದ ನಮ್ಮ ಹುಡುಗಿ, ಅದೇ ಲೇಖಕಿಯ ಮತ್ತೊಂದು ಪುಸ್ತಕವನ್ನು ಶಾಲೆಯ ಲೈಬ್ರರಿಯಿಂದ ತಂದಳು. ಅದೇ 2015ರಲ್ಲಿ ಪ್ರಕಟವಾದ 'ದಿ ಜಂಬೀಸ್'.

ಟ್ರೇಸಿ ಬ್ಯಾಪ್ಟಿಸ್ಟ್ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ. ಅಲ್ಲಿ ದೆವ್ವಗಳಿಗೆಲ್ಲ ಒಟ್ಟಾಗಿ 'ಜಂಬಿ' ಎಂದು ಹೆಸರು. ಕಾರಿನ್ ಎಂಬ ಪುಟ್ಟ ಹುಡುಗಿ, ಜಂಬಿಗಳೆಲ್ಲ ಸುಳ್ಳೆಂದು ನಂಬಿದವಳು, ಅವುಗಳನ್ನೇ ಎದುರಿಸಿ ತನ್ನ ಊರನ್ನೂ ತಂದೆಯನ್ನೂ ಕಾಪಾಡಿಕೊಳ್ಳುವ ಕಥೆ.

ಒಂದು ಸಂಜೆ ಕರೆಂಟು ಹೋಯಿತು. ಆಟ ನಿಂತಿತು. ಮೇಣದಬತ್ತಿಯ ಬೆಳಕಿನಲ್ಲಿ ಹುಡುಗಿ ತಾಯಿಗೆ ಕಥೆ ಹೇಳತೊಡಗಿದಳು. 'ಡುಯೆನ್' ಎಂಬ ಮಕ್ಕಳ ದೆವ್ವಕ್ಕೆ ಪಾದ ಹಿಂದುಮುಂದಂತೆ. 'ಸೂಕುಯಾಂಟ್' ಎಂಬ ಮುದುಕಿ ರಾತ್ರಿ ಚರ್ಮ ಕಳಚಿಟ್ಟು ಬೆಂಕಿಯ ಉಂಡೆಯಾಗಿ ಹಾರುತ್ತಾಳಂತೆ.

ಮೂಲೆಯಿಂದ ಅಜ್ಜಿಯ ದನಿ ಬಂತು. "ಪಾದ ಹಿಂದುಮುಂದು ಅಂದ್ಯಾ? ಅದು ನಮ್ಮೂರಿನ ದೆವ್ವ ಕಣೇ! ಬೆಂಕಿ ಉಂಡೆ ಅಂದ್ರೆ ಕೊಳ್ಳಿದೆವ್ವ. ಗದ್ದೆ ಬದುವಿನ ಮೇಲೆ ಕುಣೀತಾ ಹೋಗೋದನ್ನ ನಿಮ್ಮಜ್ಜ ಕಣ್ಣಾರೆ ಕಂಡಿದ್ರು."

"ಅಜ್ಜಿ, ಎಷ್ಟು ದೂರದಲ್ಲಿ?"

ಅಷ್ಟೇ ಸ್ವಾಮಿ! ಹತ್ತು ದಿನದ ಮೌನ ಹತ್ತು ನಿಮಿಷದಲ್ಲಿ ಹೋಯಿತು. ಕರೆಂಟು ಬಂದರೂ ಯಾರೂ ಎದ್ದು ಹೋಗಲಿಲ್ಲ.

ಆಲೋಚಿಸಿ ನೋಡಿದರೆ ಕೆರಿಬಿಯನ್ ಕಥೆಗಳೂ ವಲಸೆ ಬಂದವುಗಳೇ. ಸಂಕೋಲೆ ತೊಡಿಸಿ ಹಡಗಿಗೆ ತುಂಬಿದ ಆಫ್ರಿಕದ ಜನ ಕೈಯಲ್ಲೇನೂ ತರುವಂತಿರಲಿಲ್ಲ. ಕಥೆಗಳನ್ನು ಮಾತ್ರ ತಂದರು. 1845ರಿಂದ 1917ರವರೆಗೆ ನಮ್ಮ ದೇಶದಿಂದಲೂ ಸುಮಾರು 1,43,000 ಜನ ಕೂಲಿ ಕರಾರಿನ ಮೇಲೆ ಟ್ರಿನಿಡಾಡಿಗೆ ಹೋದರು. ಅವರ ಬಾಳಿನೊಡನೆ ಹೋಲಿಸಿದರೆ ನಮ್ಮದೆಂಥ ವಲಸೆ! ರೈಲು ಹತ್ತಿದರೆ ಮರುದಿನ ಊರು. ಆದರೂ ಕಥೆಯ ಗಂಟನ್ನು ಊರಿನಲ್ಲೇ ಬಿಟ್ಟು ಬಂದವರು ನಾವು.

ನಮ್ಮ ನೆರೆಯವರಾದ ಮಲಯಾಳಿಗಳನ್ನು ನೋಡಿರಿ. ಕೊಟ್ಟಾರತ್ತಿಲ್ ಶಂಕುಣ್ಣಿಯವರು 1909ರಿಂದ 1934ರವರೆಗೆ ಎಂಟು ಸಂಪುಟಗಳಲ್ಲಿ 'ಐತಿಹ್ಯಮಾಲೆ'ಯನ್ನು ಹೊರತಂದು ಯಕ್ಷಿ, ಮಂತ್ರವಾದಿಗಳ ಕಥೆಗಳನ್ನೆಲ್ಲ ಕೂಡಿಟ್ಟರು. ಕೊಚ್ಚಿಯ ಕಾಕ್ಕನಾಡಿನಲ್ಲಿ ನಾವಿದ್ದ ಬಾಡಿಗೆ ಮನೆಯಿಂದ ನವೋದಯ ಸ್ಟುಡಿಯೋ ದೂರವಿರಲಿಲ್ಲ. ಆ ನವೋದಯದವರು 1984ರಲ್ಲಿ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ತೆಗೆದು, ಭಾರತದ ಮೊದಲನೆಯ ತ್ರೀಡಿ ಚಿತ್ರದಲ್ಲಿ ತಮ್ಮ ಊರಿನ ಚಾತ್ತನನ್ನೇ ಮಕ್ಕಳ ಗೆಳೆಯನನ್ನಾಗಿ ಮಾಡಿದರು. 2025ರ 'ಲೋಕಾ' ಚಿತ್ರದಲ್ಲಿ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿ ಬೆಂಗಳೂರಿಗೇ ಬಂದು ಮನೆ ಹಿಡಿಯುತ್ತಾಳೆ. ನಾವು ಹೊಟ್ಟೆಪಾಡಿಗೆ ಇಲ್ಲಿಗೆ ಬಂದೆವು. ಇಲ್ಲಿನ ಯಕ್ಷಿ ಅಲ್ಲಿಗೆ ಹೋದಳು! ಅಷ್ಟೇಕೆ, ಕನ್ನಡ 'ಬಾಲಮಂಗಳ'ದಲ್ಲಿ ನಾವು ಬಾಯಿ ಬಿಟ್ಟುಕೊಂಡು ಓದುತ್ತಿದ್ದ ಡಿಂಗನೆಂಬ ಇಲಿರಾಯನೂ ಮಲಯಾಳದ ಡಿಂಕನೇ. ಕೊಟ್ಟಾಯಂನ ಮಂಗಳಂ ಸಂಸ್ಥೆಯವರ ಕೊಡುಗೆ.

ಮತ್ತೆ ನಮ್ಮ ಮನೆಗೆ ಬರೋಣ. ಅಜ್ಜಿ ಒಂದು ರಾತ್ರಿ ಏಳು ಕೋಣೆಯ ಮನೆಯ ರಾಕ್ಷಸಿಯ ಕಥೆ ತೆಗೆದರು. ಆರನೆಯ ಕೋಣೆಯವರೆಗೆ ಬಂದು ನಿಂತರು. "ಮುಂದೆ... ಮರ್ತೇ ಹೋಯ್ತಲ್ಲ" ಎಂದು ಹಣೆ ಉಜ್ಜಿಕೊಂಡರು. ಮಗಳು ನಮ್ಮ ಕಡೆ ತಿರುಗಿದಳು. "ಅಪ್ಪ, ನೀನೂ ಕೇಳಿದ್ದೀಯಲ್ಲಾ? ಆಮೇಲೆ ಏನಾಯ್ತು?"

ನೂರು ಸಲ ಕೇಳಿದ್ದೇವೆ, ನಿಜ. ನೂರು ಸಲವೂ ಕೊನೆಗೆ ಮುಂಚೆಯೇ ನಿದ್ದೆ ಹೋಗಿದ್ದೇವೆ. ನಾಳೆ ಕೇಳಿದರಾಯಿತು ಎನ್ನುವ ಧೈರ್ಯ! ಆ ಕಥೆಯ ಕೊನೆ ಈಗ ಅಜ್ಜಿಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಕಚೇರಿಯಲ್ಲಿ ಕಡತವೊಂದು ಕಳೆದರೆ ವಿವರಣೆ ಕೇಳುತ್ತಾರೆ. ಇದಕ್ಕೆ ನಮ್ಮನ್ನು ಕೇಳಿದವಳು ಮಗಳೊಬ್ಬಳೇ, ನಮ್ಮಲ್ಲಿ ಉತ್ತರವಿರಲಿಲ್ಲ.

ಹುಡುಗಿ ಸುಮ್ಮನಾಗಲಿಲ್ಲ. ಮೈನ್‌ಕ್ರಾಫ್ಟಿನಲ್ಲಿ ಆ ಮನೆಯನ್ನೇ ಕಟ್ಟಿ ಅಜ್ಜಿಗೆ ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿ, "ಏಳನೇ ಕೋಣೆಗೆ ಬಾಗಿಲಿರ್ಲಿಲ್ಲ ಕಣೇ, ಬಾವಿಯಿಂದ ಇಳೀಬೇಕಿತ್ತು" ಎಂದರು! ಅಷ್ಟು ನೆನಪಾಯಿತು, ಕೊನೆ ಮಾತ್ರ ನೆನಪಾಗಲಿಲ್ಲ. ಪಿಶಾಚಿಗಳು ಬಾರದಂತೆ ಹೊಸ್ತಿಲಲ್ಲಿ ಏನು ಮಾಡಬೇಕೆಂದು ಹುಡುಗಿ ಕೇಳಿದಳು. ಟ್ರಿನಿಡಾಡಿನಲ್ಲಾದರೆ ಅಕ್ಕಿ ಚೆಲ್ಲುತ್ತಾರೆ; ಸೂಕುಯಾಂಟ್ ಕಾಳು ಎಣಿಸುತ್ತಾ ಕೂರುವಷ್ಟರಲ್ಲಿ ಬೆಳಗಾಗುತ್ತದೆ. ನಮ್ಮಲ್ಲಿ 1990ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದೆವು. ದೆವ್ವ ಓದಿಕೊಂಡು ಹಿಂತಿರುಗಬೇಕು. ಅಜ್ಜಿ ಆ ಮೂರಕ್ಷರ ತಿದ್ದಿಸಿದರು. ನಮ್ಮ ಮಗಳು ಬರೆದ ಮೊದಲ ಕನ್ನಡ ಅದು. ನಮ್ಮ ಮುಂಬಾಗಿಲಿಗೂ ಒಂದು ಚೀಟಿ ಅಂಟಿತು. ತಿರುವನಂತಪುರದ ದೆವ್ವಕ್ಕೆ ಕನ್ನಡ ಬಾರದೆಂದು ಕೆಳಗೆ ಮಲಯಾಳದಲ್ಲೂ ಬರೆದಳು: 'ನಾಳೆ ವಾ'. ಒಂದೇ ಅಕ್ಷರದ ವ್ಯತ್ಯಾಸ ಕಂಡು ಅವಳಿಗೇ ಆಶ್ಚರ್ಯ.

ಆ ಚೀಟಿ ನೋಡಿದಾಗಲೆಲ್ಲ ನಮಗೆ ನಾಚಿಕೆಯಾಗುತ್ತದೆ. ಕಚೇರಿಗೆ ಬಂದವರಿಗೆ 'ನಾಳೆ ಬನ್ನಿ' ಎನ್ನುವುದು ನಮ್ಮ ವೃತ್ತಿಯ ದೋಷ. ತಾಯಿಯ ಕಥೆಗೂ ಮಗಳ ಕನ್ನಡಕ್ಕೂ ಅದನ್ನೇ ಅಂದುಕೊಂಡು ಬಂದೆವಲ್ಲ!

ಆಗಸ್ಟಿನಲ್ಲಿ ಅಜ್ಜಿ ಊರಿಗೆ ಹೋದರು. ಈಗ ಭಾನುವಾರ ಸಂಜೆ ಫೋನಿನಲ್ಲಿ ಕಥೆ. ಇಲ್ಲಿ ನೂರು ಪುಟದ ನೋಟುಪುಸ್ತಕದಲ್ಲಿ ಮಗಳ ಬರಹ. ಕನ್ನಡ ಅಕ್ಷರ ಸಿಕ್ಕದ ಕಡೆ ಮಲಯಾಳದ ಅಕ್ಷರ. ಮೊದಲ ಪುಟದಲ್ಲೇ 'ಮಳೆ ಪೆಯ್ಯುತ್ತಿತ್ತು' ಎಂದಿದೆ. ನಾವು ತಿದ್ದಲಿಲ್ಲ.

ವಾಚಕ ಬಂಧುಗಳೇ, ನಿಮ್ಮ ಮನೆಯ ಅಜ್ಜ ಅಜ್ಜಿಯರಲ್ಲಿ ಉಳಿದಿರುವ ಒಂದು ಕಥೆಯನ್ನು ಮಕ್ಕಳಿಂದಲೇ ಬರೆಸಿ, ಮುಂದಿನ ಸಂಚಿಕೆಗೆ ಕಳುಹಿಸಿರಿ. ತಪ್ಪಿದ್ದರೂ ಇರಲಿ. ನಾಳೆ ಎನ್ನಬೇಡಿರಿ.