ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ



ಹುಲ್ಲು ಕೊಯ್ಯೋ ಮೆಷಿನ್ ನಿಂತು ಹೋಯ್ತು ಅಂತ ಹೆಗಲ ಮೇಲೆ ಹೊತ್ತುಕೊಂಡು ಕೆಂಗೇರಿಗೆ ಹೋಗಿ ನೋಡಿ. ಅಂಗಡಿಯವನು ಒಂದು ನಟ್ಟು ಬಿಚ್ಚುವುದಕ್ಕೆ ಮೊದಲೇ ತೀರ್ಪು ಕೊಡುತ್ತಾನೆ: "ಇದರ ಕಥೆ ಮುಗೀತು ಯಜಮಾನ್ರೇ, ಹೊಸದು ತಗೊಳ್ಳಿ, ಕಂತಲ್ಲಿ ಕೊಡ್ತೀವಿ." ಈ ಮಾತಿನಲ್ಲಿ ಸತ್ಯ ಎಷ್ಟು, ವ್ಯಾಪಾರ ಎಷ್ಟು ಅನ್ನುವುದನ್ನು ನಾವೇ ತೂಗಿ ನೋಡಬೇಕು.

ಬಸವೇಶ್ವರನಗರ, ವಿಜಯನಗರದ ಪಾರ್ಕು ಗುತ್ತಿಗೆ ಹಿಡಿದವನ ಹತ್ತಿರವೂ ಹುಲ್ಲು ಕತ್ತರಿಸುವ ಮೆಷಿನ್ ಇದೆ. ಅವನದು ಕೆಟ್ಟರೆ ಖರ್ಚು ಟೆಂಡರಿನ ಲೆಕ್ಕಕ್ಕೆ ಹೋಗುತ್ತದೆ. ತಾವರೆಕೆರೆ, ಸೂಲಿಕೆರೆ, ರಾಮೋಹಳ್ಳಿ ಕಡೆ ಎರಡು ಹಸು ಕಟ್ಟಿಕೊಂಡು, ಬದುವಿನ ಹುಲ್ಲು ನಂಬಿ ಬದುಕುವ ನಮ್ಮದು ಕೆಟ್ಟರೆ ಅದು ಹಾಲಿನ ದುಡ್ಡಿನಿಂದಲೇ ಹೋಗಬೇಕು. ಕುಡುಗೋಲು ಹಿಡಿಯುವ ಆಳು ಸಿಗುವುದಿಲ್ಲ. ಮೆಷಿನ್ ನಿಂತರೆ ಹಸುವಿನ ಹೊಟ್ಟೆ ಕಾಯುವುದಿಲ್ಲ. ಈ ಅವಸರವೇ ಅಂಗಡಿಯವನ ಬಂಡವಾಳ.

ಒಂದು ಲೆಕ್ಕ ಹಾಕಿ. 16,000 ರೂಪಾಯಿಯ ಮೆಷಿನ್‌ಗೆ ಊರಿನ ಸಾಲ ತಂದಿರಿ ಅನ್ನಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 480 ರೂಪಾಯಿ ಬರೀ ಬಡ್ಡಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದರು. ದಿನಕ್ಕೆ 4 ಲೀಟರ್ ಡೈರಿಗೆ ಹಾಕುವವನಿಗೆ ಆ ಏರಿಕೆ ಪೂರ್ತಿ ಕೈಗೆ ಬಂದರೂ ತಿಂಗಳಿಗೆ ಬರುವುದು ಅದೇ 480. ಅಂದರೆ ಹಾಲಿನ ಬೆಲೆ ಏರಿಕೆಯೆಲ್ಲ ಒಂದು ಮೆಷಿನ್ನಿನ ಬಡ್ಡಿಗೆ ಸಮ! ಅಸಲು ಹಾಗೇ ಕೂತಿರುತ್ತದೆ.

ಇನ್ನು ಕೆಟ್ಟಿದ್ದು ಏನು? ಪೆಟ್ರೋಲ್ ತುಂಬಿ ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ನೂರಕ್ಕೆ 20 ಪಾಲು ಎಥೆನಾಲ್; ಅದು ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪನ್ನು ಹಾಳುಮಾಡುತ್ತದೆ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಗಾಳಿ ಫಿಲ್ಟರಿಗೆ ಧೂಳು ತುಂಬುತ್ತದೆ, ಸ್ಟಾರ್ಟು ಮಾಡುವ ಹಗ್ಗ ಕಿತ್ತುಹೋಗುತ್ತದೆ, ಕ್ಲಚ್ ಸವೆಯುತ್ತದೆ. ಇವೆಲ್ಲ ನೆಗಡಿ. ಇದಕ್ಕೆ ಮೂಗು ಕೊಯ್ದುಕೊಳ್ಳುತ್ತಾರೆಯೇ?

ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸದೆ ಓಡಿಸಿ ಪಿಸ್ಟನ್ ಕಚ್ಚಿಕೊಂಡರೆ ಅದು ದೊಡ್ಡ ಕಾಯಿಲೆ. ಆಗಲೂ ಪಿಸ್ಟನ್, ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕಾಗುತ್ತದೆಯೇ ಕೇಳಿ. ಕ್ರ್ಯಾಂಕು, ಹೊರಕವಚ ಎಲ್ಲಾ ಹೋಗಿದ್ದರೆ, ಇಲ್ಲವೇ ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ. ಮೂಗಿಗಿಂತ ಮೂಗುತಿ ಭಾರ ಆಗಬಾರದು. ಆದರೆ ತೀರ್ಮಾನ ನಿಮ್ಮದಾಗಿರಲಿ. ಬಿಚ್ಚಿಸಿ, ಕೆಟ್ಟ ಭಾಗವನ್ನು ಕಣ್ಣಾರೆ ನೋಡಿ, ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ನೊಂದು ಕಡೆ ವಿಚಾರಿಸಿ.

"ಹೊಸದು ಪೆಟ್ರೋಲ್ ಕಮ್ಮಿ ಕುಡಿಯುತ್ತೆ" ಅಂತಾರೆ. ಫೋರ್ ಸ್ಟ್ರೋಕ್ ಆದರೆ ಅದು ನಿಜವೇ. ಕೈಯಲ್ಲಿ ಕಾಸಿದ್ದಾಗ ಕೊಳ್ಳೋಣ, ನಾಲ್ಕು ಮನೆ ಸೇರಿ ಒಂದನ್ನು ಕೊಳ್ಳೋಣ. ಸಾಲದ ಮೆಷಿನ್ ಉಳಿಸುವ ಪೆಟ್ರೋಲನ್ನು ಬಡ್ಡಿ ಕುಡಿದುಬಿಡುತ್ತದೆ.

ಕಾಮಾಕ್ಷಿಪಾಳ್ಯ, ರಾಜಾಜಿನಗರದ ಶೆಡ್ಡುಗಳಲ್ಲಿ ಬುಷ್ಷು, ಶಾಫ್ಟು ತಿರುವಿ ಕೊಡುವ ಲೇತ್ ಕೆಲಸಗಾರರಿದ್ದಾರೆ. ಇಂಥ ಕಸುಬು ಪಕ್ಕದಲ್ಲೇ ಇರುವಾಗ ನಮ್ಮ ಮೆಷಿನ್ ಗುಜರಿಗೆ ಹೋಗುವುದೇಕೆ? ಮಾಡೆಲ್ ಬದಲಾಯಿತು, ಬಿಡಿಭಾಗ ಬರುವುದಿಲ್ಲ ಅಂತ ಕಂಪನಿ ಕೈತೊಳೆದುಕೊಳ್ಳುವುದರಿಂದ.

ಸರ್ಕಾರ ಯಾರ ಕಡೆ? ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆ ಶುರುವಾಗಿದ್ದು 2014-15ರಲ್ಲಿ. ಹೊಸ ಯಂತ್ರಕ್ಕೆ ಶೇಕಡಾ 40ರಿಂದ 50 ಸಹಾಯಧನ. ಮನೆಯಲ್ಲಿರುವ ಯಂತ್ರ ಸರಿಮಾಡಿಸಲು ಬಿಡಿಗಾಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್, ಕೊಯ್ಲು ಯಂತ್ರ ಮೊದಲಾದವುಗಳ ತೆರಿಗೆ 12ರಿಂದ 5ಕ್ಕೆ ಇಳಿಯಿತು, ಒಳ್ಳೆಯದೇ. ಬಿಲ್ಲು ಹಾಕುವ ಸರ್ವಿಸ್ ಸೆಂಟರಿನ ರಿಪೇರಿ ಕೂಲಿಗೆ ಮಾತ್ರ 18! ಕೊಳ್ಳುವವನ ಬೆನ್ನು ತಟ್ಟುತ್ತಾರೆ, ಉಳಿಸಿಕೊಳ್ಳುವವನ ಬೆನ್ನಿಗೆ ಗುದ್ದುತ್ತಾರೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಮೊದಲು ಗಮನ ಕೊಡಬೇಕಾದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣವೂ ಒಂದು ಅಂದಿತು. ಜಾಲತಾಣ ಬಂತು, ಕಂಪನಿಗಳ ಕೈ ಹಿಡಿದು ಕೇಳುವ ಕಾನೂನು ಬರಲಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 2023ರಲ್ಲೇ ಕಾನೂನಾಯಿತು. ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಕಂಪನಿ ರೈತನಿಗೆ ಕೊಡಲೇಬೇಕು. ಅಲ್ಲಿನ ರೈತ ಕೇಳಿ ಪಡೆದ. ನಾವು ಕೇಳಬಾರದೇ?

ಆದ್ದರಿಂದ ಹಳ್ಳಿ ಹಳ್ಳಿಯಲ್ಲಿ ಸಭೆ ಸೇರಿ ಈ ಮೂರು ಒತ್ತಾಯ ಮಾಡಿ. ಯಂತ್ರ ಮಾರಿದ ಕಂಪನಿ 10 ವರ್ಷ ಬಿಡಿಭಾಗ ಕೊಡಬೇಕು, ಬೆಲೆಪಟ್ಟಿ ಅಂಗಡಿಯಲ್ಲಿ ತೂಗುಹಾಕಬೇಕು. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರಿಪೇರಿಗೂ ಒಬ್ಬ ಮೆಕ್ಯಾನಿಕ್ ಇರಬೇಕು. ಸಹಾಯಧನದಲ್ಲಿ ರಿಪೇರಿಗೂ ಪಾಲು ಬೇಕು.

ಅಲ್ಲಿಯವರೆಗೆ ಕೆಲಸ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿಡಿ, ಫಿಲ್ಟರ್ ತೊಳೆಯಿರಿ. ಮೆಷಿನ್ ಬಿಚ್ಚಿ ನೋಡದೆ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.