ಮನೆ ಇದೆ, ನಂಬರು ಬದಲಾಗಿದೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಷ್ಟೆ. ಹಳೆಯ ಕಂಪ್ಯೂಟರನ್ನು ಎಸೆಯಲೊಲ್ಲದ ಗೃಹಸ್ಥರು ಅದೇ ಡಿಸ್ಕಿನಲ್ಲಿ ಲಿನಕ್ಸಿಗೂ ಒಂದು ಪಾಲು ಕೊಟ್ಟು ನೋಡುವುದುಂಟು. ಆಮೇಲೆ ಜಾಗ ಸಾಲದೆಂದು ಒಂದು ಪಾಲನ್ನು ಅಳಿಸಿ ಇನ್ನೊಂದನ್ನು ಹಿಗ್ಗಿಸುತ್ತಾರೆ. ಮರುದಿನ ಗುಂಡಿ ಒತ್ತಿದರೆ ಕಪ್ಪು ತೆರೆ. ಅದರ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡೇ ಮಾತು! ಮನೆಯಾಕೆಗೆ ಊರಿನ ಮದುವೆಯ ಫೋಟೋಗಳ ಚಿಂತೆ; ಮಕ್ಕಳಿಗೆ, ಅಜ್ಜಿ ಹಾಡಿದ್ದನ್ನು ಹಿಡಿದಿಟ್ಟ ಧ್ವನಿಯ ಚಿಂತೆ. “ಎಲ್ಲ ಹೋಯಿತು, ಫಾರ್ಮ್ಯಾಟ್ ಮಾಡಿಸಿಬಿಡಿ” ಎನ್ನುವ ಹಿತೈಷಿಗಳಿಗೂ ಕೊರತೆಯಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಮಾತಿದು.

ಆದುದೇನೆಂದು ಸಾವಧಾನವಾಗಿ ನೋಡೋಣ. ಹಳೆಯ ಪದ್ಧತಿಯ ಡಿಸ್ಕಿನ ಮೊದಲ 512 ಬೈಟುಗಳಲ್ಲಿ ಪಾಲುಗಳ ಪಟ್ಟಿಯಿರುತ್ತದೆ. ಅದರಲ್ಲಿ ನಾಲ್ಕು ಪಾಲುಗಳಿಗೆ ಮಾತ್ರ ಸ್ಥಳ. ಹೆಚ್ಚು ಬೇಕಾದರೆ ಒಂದರೊಳಗೇ ಒಳಪಾಲುಗಳನ್ನು ಮಾಡಬೇಕು. ಲಿನಕ್ಸ್ ಅವಕ್ಕೆ 5ರಿಂದ ಮುಂದಕ್ಕೆ ನಂಬರು ಕೊಡುತ್ತದೆ. ಐದನೆಯದನ್ನು ಅಳಿಸಿದರೆ ಆರನೆಯದು ಐದಾಗುತ್ತದೆ. ಕಂಪ್ಯೂಟರನ್ನು ಎಬ್ಬಿಸುವ ಗ್ರಬ್ ಮಹಾಶಯನಿಗೆ ಈ ಸುದ್ದಿ ತಿಳಿಯದು. ನಮ್ಮ ಕಾಶಿಯ ಗಲ್ಲಿಯಲ್ಲಿ ಮನೆಯ ನಂಬರು ಬದಲಾದರೆ, ಹೊಸ ಅಂಚೆಯವನು ಹಳೆಯ ನಂಬರನ್ನೇ ಹುಡುಕಿ ಕಾಗದವನ್ನು ಹಿಂದಿರುಗಿಸುವಂತೆ, ಆತನೂ ಕೈಚೆಲ್ಲುತ್ತಾನೆ. ಮನೆಯೂ ಮನೆಯವರೂ ಇದ್ದಲ್ಲಿಯೇ ಇದ್ದಾರೆ!

ಹಾಗಾದರೆ ಉಪಾಯವೇನು? ಮೊದಲು ಪೆನ್‌ಡ್ರೈವಿನಿಂದ ಲಿನಕ್ಸನ್ನು ನಡೆಸಿ, ಕೆಟ್ಟ ಡಿಸ್ಕಿಗೆ ಏನನ್ನೂ ಬರೆಯದೆ, ಬೇಕಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ನಕಲಿಲ್ಲದೆ ಮೂಲ ಕಡತವನ್ನು ಕೈಬಿಡಬಾರದೆಂಬುದು ಗುಮಾಸ್ತರಾದ ನಮಗೆ ಕಚೇರಿ ಕಲಿಸಿದ ಪಾಠ. ಪಾಲೇ ಕಾಣದಿದ್ದರೆ ‘ಟೆಸ್ಟ್‌ಡಿಸ್ಕ್’ ಎಂಬ ಉಚಿತ ತಂತ್ರಾಂಶವುಂಟು; ಪಟ್ಟಿಯಿಂದ ಬಿಟ್ಟುಹೋದ ಪಾಲನ್ನು ಎಷ್ಟೋ ಸಲ ಅದು ಹುಡುಕಿಕೊಡುತ್ತದೆ.

ಆಮೇಲೆ ಗ್ರಬ್ಬಿನ ಸರದಿ. ಕಪ್ಪು ತೆರೆಯಲ್ಲಿ ‘ಎಲ್‌ಎಸ್’ ಎಂದು ಬರೆದರೆ ಈಗಿರುವ ಪಾಲುಗಳ ಹೆಸರು ಬರುತ್ತದೆ. ಲಿನಕ್ಸ್ ಇರುವ ಪಾಲನ್ನು ಗುರುತಿಸಿ ‘ಸೆಟ್ ರೂಟ್’, ‘ಸೆಟ್ ಪ್ರಿಫಿಕ್ಸ್’ ಆಜ್ಞೆಗಳಿಂದ ಹೊಸ ವಿಳಾಸ ಕೊಟ್ಟು, ‘ಇನ್ಸ್‌ಮಾಡ್ ನಾರ್ಮಲ್’, ಬಳಿಕ ‘ನಾರ್ಮಲ್’ ಎಂದರೆ ಯಂತ್ರ ಏಳುತ್ತದೆ. ಎದ್ದ ಕೂಡಲೆ ಗ್ರಬ್ಬನ್ನು ಡಿಸ್ಕಿಗೆ ಮತ್ತೆ ಸ್ಥಾಪಿಸಬೇಕು. ಇಲ್ಲವಾದರೆ ನಾಳೆಯೂ ಇದೇ ಪಾಡು. ಅಳಿಸಿದ್ದು ಲಿನಕ್ಸಿನ ಪಾಲೇ ಆಗಿದ್ದರೆ ಈ ದಾರಿ ನಡೆಯದು. ಆಗ ವಿಂಡೋಸಿನ ಸ್ಥಾಪನಾ ಪೆನ್‌ಡ್ರೈವಿನಿಂದ ಹೊರಟು, ದುರಸ್ತಿಯ ವಿಭಾಗದಲ್ಲಿ ‘ಬೂಟ್‌ರೆಕ್’ ಆಜ್ಞೆಯನ್ನು ‘ಫಿಕ್ಸ್‌ಎಂಬಿಆರ್’ ಸೂಚನೆಯೊಡನೆ ಕೊಡಬೇಕು. ಯುಇಎಫ್‌ಐ ಪದ್ಧತಿಯ ಹೊಸ ಯಂತ್ರಗಳ ಕ್ರಮ ಬೇರೆ; ಅಲ್ಲಿ ಈ ಸೂಚನೆ ಸಲ್ಲದು.

ವಾಚಕರಲ್ಲಿ ನಮ್ಮ ಅರಿಕೆ ಇಷ್ಟೆ. ಅಂಗಡಿಯವನ ಕೈಗೆ ಯಂತ್ರವನ್ನು ಕೊಡುವಾಗಲೂ “ಮೊದಲು ಕಡತಗಳನ್ನು ತೆಗೆದಿಡಪ್ಪ, ಆಮೇಲೆ ರಿಪೇರಿ” ಎಂದು ಹೇಳಿರಿ. ವಿಂಡೋಸನ್ನು ಇನ್ನೊಮ್ಮೆ ಹಾಕಿಸಬಹುದು. ಅಜ್ಜಿಯ ಹಾಡನ್ನು ಇನ್ನೊಮ್ಮೆ ಎಲ್ಲಿಂದ ತರುವುದು?